ಹೊಲಕ್ಕೊಂದು ಅಂಗಿಯ ನರಸಕ್ಕ

ಸೋಮಂದೇಪಲ್ಲಿಯ ನರಸಕ್ಕನ ಚೀಲದಲ್ಲಿ ಗಂಡಸರು ತೊಡುವಂಥ ಅಂಗಿಗಳು ಆರು, ಒಗೆದು ಮಡಿಚಿದವು, ಸದಾ ಇರುತ್ತವೆ. ಸೀರೆಯ ಮೇಲೆ ತುಂಬುತೋಳಿನ ಅಂಗಿ ತೊಟ್ಟು ಹೊಲಕ್ಕಿಳಿಯುವುದು ನಮ್ಮ ಸೀಮೆಯ ಹೆಂಗಸರಿಗೆ ಹೊಸದೇನಲ್ಲ. ಆದರೆ ಪ್ರತಿ ಹೊಲದ ಬದುವಿನ ಮೇಲೂ ನಿಂತು ಅಂಗಿ ಬದಲಿಸಿ, ಕೈಕಾಲು ತೊಳೆದು, ಹೊಸ ಗ್ಲೌಸು ಹಾಕಿಕೊಳ್ಳದೆ ಹೆಜ್ಜೆ ಎತ್ತದವಳು ಇವಳೊಬ್ಬಳೇ. ಮದುವೆ ಹೆಣ್ಣೂ ಇಷ್ಟು ಸಲ ಬಟ್ಟೆ ಬದಲಿಸುವುದಿಲ್ಲವೆಂದು ಜನ ನಗುತ್ತಾರೆ. ಎಡಗಾಲನ್ನು ತುಸು ಎಳೆದು ನಡೆಯುವ, ಪ್ರತಿ ಮಾತಿಗೂ ಮುಂಚೆ 'ಇರು' ಎಂದು ತಡೆಯುವ ಆಕೆ ನಗುವುದಿಲ್ಲ.

ಹಿಂದೂಪುರದ ಲ್ಯಾಬೊಂದಕ್ಕೆ ಆಕೆ ಎಲೆ ತೊಳೆದ ನೀರನ್ನು ತಂದುಕೊಡುತ್ತಾಳೆ. ಹುಳು ಕಣ್ಣಿಗೆ ಬೀಳುವ ಎಷ್ಟೋ ದಿನ ಮೊದಲೇ, ಅದು ಎಲೆಯ ಮೇಲೆ ಬಿಟ್ಟುಹೋದ ಡಿಎನ್‌ಎ ಆ ನೀರಿನಲ್ಲಿ ಸಿಕ್ಕಿಬೀಳುತ್ತದೆ. ಅಣುಮಾತ್ರದ ಆ ಸಾಕ್ಷ್ಯವನ್ನು ನಂಬಿ ರೈತರು ಹಸಿರಾಗಿ ನಿಂತ ಪೈರಿನ ಗತಿಯನ್ನು ನಿರ್ಧರಿಸುತ್ತಾರೆ. ಪರೀಕ್ಷೆ ಎಷ್ಟು ಸೂಕ್ಷ್ಮವೋ ಕೆಡುವುದೂ ಅಷ್ಟೇ ಸುಲಭ.

ಕೆಟ್ಟಿತು ಕೂಡ. ಮೂರು ವರ್ಷದ ಹಿಂದೆ ಕಲ್ಯಾಣದುರ್ಗದ ಚಿನ್ನಕ್ಕನ ಟೊಮೆಟೊ ನರ್ಸರಿಯಲ್ಲಿ ಎಲೆ ಕೊರೆಯುವ ಹುಳುವಿನ ಗುರುತು ಸಿಕ್ಕಿದೆಯೆಂದು ರಿಪೋರ್ಟು ಬಂತು. ಊರೂರಿಗೆ ಹೋಗುವ ಸಸಿಗಳು. ಜೊತೆಗೆ ಹುಳುವೂ ಹೋದೀತೆಂದು ಚಿನ್ನಕ್ಕ ಎದೆ ಗಟ್ಟಿ ಮಾಡಿಕೊಂಡು ಆ ದಿನವೇ ಎಲ್ಲವನ್ನೂ ಗುಂಡಿಗೆ ಹಾಕಿ ಮುಚ್ಚಿಸಿದಳು. ವಾರ ಕಳೆದು ಬಟ್ಟೆ ಒಗೆಯಲು ಕುಳಿತ ನರಸಕ್ಕ, ನರ್ಸರಿಯಲ್ಲಿ ಎಲೆ ತೊಳೆದ ದಿನ ತೊಟ್ಟಿದ್ದ ಅಂಗಿಯನ್ನು ಬಿಡಿಸಿ ನೋಡಿದಳು. ಅದೇ ದಿನ ಬೆಳಿಗ್ಗೆ, ನರ್ಸರಿಗೆ ಹೋಗುವ ಮೊದಲು, ಕಂಬದೂರಿನ ಹುಳು ಬಿದ್ದ ತೋಟದಲ್ಲಿ ತೊಟ್ಟಿದ್ದೂ ಇದೇ ಅಂಗಿ. ತೋಳಿನ ಹಸಿರು ಕಲೆ ಇನ್ನೂ ಹೋಗಿರಲಿಲ್ಲ.

ನರ್ಸರಿಯಲ್ಲಿ ಎಲೆ ಮುಟ್ಟುವ ಮೊದಲು ತಾಳೆ ನೋಡಲೆಂದು ತುಂಬಿಟ್ಟ ಬರಿ ನೀರಿನ ಬಾಟಲಿಯೊಂದು ಲ್ಯಾಬಿನ ಫ್ರೀಜರಿನಲ್ಲಿ ಪರೀಕ್ಷೆಯಾಗದೆ ಹಾಗೇ ಉಳಿದಿತ್ತು. ಅದನ್ನು ಪರೀಕ್ಷಿಸಿ ಎಂದು ನರಸಕ್ಕ ಕೇಳಿದರೆ, ಲ್ಯಾಬಿನ ಭಾನುಪ್ರಕಾಶ್ 'ಪೋನೀಲೇ ನರಸಕ್ಕಾ', ಹೋಗಲಿ ಬಿಡು, ಎಂದು ತೆಲುಗಿನಲ್ಲೇ ಸಮಾಧಾನ ಹೇಳಿದ. ಕೆದಕಿದರೆ ನಮ್ಮನ್ನು ಯಾರೂ ನಂಬುವುದಿಲ್ಲ, ನಿನ್ನ ಕೆಲಸವೂ ಹೋದೀತು ಎಂದ. ಆಕೆ ಪಟ್ಟು ಬಿಡಲಿಲ್ಲ. ಎಲೆಯನ್ನೇ ಕಾಣದ ಆ ನೀರಿನಲ್ಲೂ ಹುಳುವಿನ ಗುರುತಿತ್ತು; ಅದು ಅಂಗಿಯಿಂದಲೇ ಬಂದಿರಬೇಕು. ಸಸಿಗಳಲ್ಲಿ ನಿಜಕ್ಕೂ ಹುಳುವಿತ್ತೋ ಇಲ್ಲವೋ, ಇನ್ನು ಯಾರೂ ಹೇಳುವಂತಿರಲಿಲ್ಲ.

ಮಾರನೆಯ ದಿನವೇ ನರಸಕ್ಕ ಕಲ್ಯಾಣದುರ್ಗದ ಬಸ್ಸು ಹತ್ತಿ ಹೋಗಿ, ಬರಿದಾದ ಟ್ರೇಗಳ ನಡುವೆ ನಿಂತು ನಡೆದದ್ದೆಲ್ಲವನ್ನೂ ಹೇಳಿದಳು. ಚಿನ್ನಕ್ಕ ಕೂತುಕೋ ಎನ್ನಲಿಲ್ಲ. ಖಾಲಿ ಟ್ರೇಗಳನ್ನು ಒಂದರ ಮೇಲೊಂದು ಪೇರಿಸುತ್ತಲೇ ಕೇಳಿದಳು:

"ನೀನು ಹೇಳ್ದಿದ್ರೆ ನಂಗೆ ಗೊತ್ತಾಯ್ತಿತ್ತಾ?"

"ಇರು... ಇಲ್ಲ ಕಣಕ್ಕ."

"ಮತ್ಯಾಕ್ ಬಂದೆ?"

"ಇನ್ನೊಂದ್ಸಲ ನಾನು ಬಂದು ಸಸಿ ಗುಂಡಿಗಾಕು ಅಂದ್ರೆ ನೀನು ನಂಬಿ ಹಾಕ್ಬೇಕಲ್ಲಕ್ಕ."

ಚಿನ್ನಕ್ಕ ಮುಖ ತಿರುಗಿಸಿ ಒಳಗೆ ಹೋದಳು. ಹಿಂದೂಪುರದವರೆಗೂ ನರಸಕ್ಕ ಅಳುತ್ತಲೇ ಬಂದಳಂತೆ. ಲ್ಯಾಬಿನವರು ನಾಲ್ಕು ತಿಂಗಳು ಕೆಲಸಕ್ಕೆ ಕರೆಯಲಿಲ್ಲ. ಆರು ಅಂಗಿಗಳ ಈ ವ್ರತ ಶುರುವಾದದ್ದು ಆಮೇಲೆ.

ಹೋದ ವರ್ಷ ಅದೇ ನರ್ಸರಿಗೆ ಮತ್ತೆ ಅದೇ ರಿಪೋರ್ಟು ಬಂತು. ಈ ಬಾರಿ ಬರಿ ನೀರಿನಲ್ಲಿ ಏನೂ ಇರಲಿಲ್ಲ. ಇದೂ ಸುಳ್ಳೇ ಇರಬೇಕು, ಸಸಿ ಮಾರಿಬಿಡು ಎಂದು ಸುತ್ತಲಿನವರೆಲ್ಲ ದುಂಬಾಲು ಬಿದ್ದರು. ಚಿನ್ನಕ್ಕ ನರಸಕ್ಕನನ್ನು ಕೇಳಿದ್ದು ಒಂದೇ ಮಾತು: "ಎಲೆ ತೊಳ್ದಿದ್ದು ನೀನೇ ಏನಮ್ಮ?" ಹೂಂ ಎಂದಳು ಆಕೆ. ಚಿನ್ನಕ್ಕ ಸೆರಗು ಸಿಕ್ಕಿಸಿ ಗುದ್ದಲಿ ತೆಗೆದುಕೊಂಡಳು.

ತಪ್ಪೇ ಮಾಡದವರನ್ನು ನಾನಂತೂ ಕಂಡಿಲ್ಲ. ಯಾರೂ ಕೇಳದಿದ್ದರೂ ತನ್ನ ತಪ್ಪನ್ನು ತಾನೇ ಹೊತ್ತೊಯ್ದು, ನೊಂದವರ ಬಾಗಿಲಲ್ಲಿ ಇಳಿಸಿ, ಬೈಗುಳಕ್ಕೆ ಕಾದು ನಿಲ್ಲುವ ಇಂಥವರು ಅಲ್ಲೊಬ್ಬರು ಇಲ್ಲೊಬ್ಬರು ಇದ್ದಾರೆ. ಕಣ್ಣಿಗೆ ಏನೂ ಕಾಣದಿದ್ದಾಗ ಲೋಕ ನಂಬುವುದು ಅವರನ್ನೇ.