ಮುಂದೆ ಹೋಗುವವರ ಮಡ್‌ಗಾರ್ಡು

ಕಮಲಾಕರ ರಾಯರಿಗೆ ಬದನೆಕಾಯಿ ಆರಿಸಲು ಬರುವುದಿಲ್ಲ. ಇದು ಅವರಿಗೇ ಗೊತ್ತಾದದ್ದು ಹೋದ ಭಾನುವಾರ, ಹೆಂಡತಿ ವೆಂಕಟಲಕ್ಷ್ಮಿಯನ್ನು ಬಿಟ್ಟು ಒಬ್ಬರೇ ಸೈಕಲ್ ತುಳಿದುಕೊಂಡು ಕೋಯಂಬೇಡು ಮಾರ್ಕೆಟ್ಟಿಗೆ ಹೋಗಿ ಬಂದ ಮೇಲೆ. ತಂದ ಕಾಯಲ್ಲಿ ಅರ್ಧಕ್ಕರ್ಧ ಹುಳ. ವೆಂಕಟಲಕ್ಷ್ಮಿ ಹುಳುಕು ಕಾಯನ್ನೆಲ್ಲ ತಟ್ಟೆಯಲ್ಲಿ ಸಾಲಾಗಿ ಜೋಡಿಸಿ ಊಟದ ಮೇಜಿನ ಮೇಲಿಟ್ಟು, ಮಿಕ್ಕಿದ್ದರಲ್ಲಿ ಹುಳಿ ಮಾಡಿದರು. ಬೈದಿದ್ದರೆ ವಾಸಿಯಿತ್ತು.

ರಾಯರು ರೈಲ್ವೆಯಲ್ಲಿ ಬೋಗಿ ತಪಾಸಣೆ, ರಿಪೇರಿ ಮಾಡುತ್ತ ಮದರಾಸಿಗೆ ಬಂದು, ಊರು ಚೆನ್ನೈ ಆಗುವಷ್ಟರಲ್ಲಿ ಇಲ್ಲೇ ತಲೆ ನರೆತವರು. ರಿಟೈರಾದ ಮೇಲೆ ವಾರಕ್ಕೆಲ್ಲ ಅವರಿಗಿದ್ದ ಒಂದೇ ಸಂಭ್ರಮ ಭಾನುವಾರದ ಸವಾರಿ. ಮೇಲಿನ ಫ್ಲ್ಯಾಟಿನ ದಂಪತಿ ಊರು ಬಿಡುವಾಗ ಮಾರಿಹೋದ ಒಂದು ಜೊತೆ ಗೇರ್ ಸೈಕಲ್ಲು ಇವರ ಪಾಲಿಗೆ ಬಂದಿತ್ತು. ಅಣ್ಣಾ ನಗರದಿಂದ ಹೊರಟರೆ ಮುಂದೆ ರಾಯರು, ಹಿಂದೆ ವೆಂಕಟಲಕ್ಷ್ಮಿ. ಮಾರ್ಕೆಟ್ಟಿನಲ್ಲಿ ತರಕಾರಿ, ಹೂವು. ಬರುವಾಗ ಒಂದು ಕಾಫಿ. ಆ ಸೈಕಲ್ಲುಗಳಲ್ಲಿ ಏನುಂಟು ಏನಿಲ್ಲ, ಮಡ್‌ಗಾರ್ಡ್ ಒಂದಿರಲಿಲ್ಲ. ಕೆಸರಿನಲ್ಲಿ ಹೋಗಲೆಂದೇ ಮಾಡಿದ ಸೈಕಲ್ಲಿಗೆ ಕೆಸರು ತಡೆಯುವ ರೆಕ್ಕೆ ಇಲ್ಲವೆಂದರೆ ಅದನ್ನು ಮಾಡಿದವನ ಬುದ್ಧಿಗೆ ಏನನ್ನೋಣ!

ಅನಾಹುತವಾದದ್ದು ಅದಕ್ಕೂ ಹಿಂದಿನ ಭಾನುವಾರ. ರಾತ್ರಿ ಮಳೆ ಹೊಡೆದು ಮಾರ್ಕೆಟ್ಟಿನ ಹೊರಗಿನ ರಸ್ತೆ ಕೊಳೆತ ಕೋಸಿನೆಲೆ, ಒಡೆದ ಟೊಮೇಟೊ, ಮಣ್ಣು ಎಲ್ಲ ಕಲೆತು ಗೊಜ್ಜಾಗಿತ್ತು. ರಾಯರು ಉಮೇದಿನಲ್ಲಿ ತುಳಿದರು. ಅವರ ಹಿಂದಿನ ಚಕ್ರ ಆ ಗೊಜ್ಜನ್ನೆಲ್ಲ ಎತ್ತಿ ವೆಂಕಟಲಕ್ಷ್ಮಿಯ ಮುಖಕ್ಕೆ, ಬಾಯಿಗೆ, ಹೊಸ ಬಿಳಿ ಚೂಡಿದಾರಕ್ಕೆ ಬಡಿಸಿತು. ಆಕೆ ಕೂಗಿದರು, ಗಂಟೆ ಬಾರಿಸಿದರು, ಕೊನೆಗೆ ಕಣ್ಣು ಕಾಣದೆ ಇಳಿದು ನಿಂತರು. ರಾಯರಿಗೆ ಇದರ ಗಂಧವೂ ಇಲ್ಲ. ಕಾಫಿ ಅಂಗಡಿ ತಲುಪಿ, ಎರಡು ಕಾಫಿ ಹೇಳಿ, ಲೋಟ ಕೈಗೆ ಬಂದ ಮೇಲೆ ತಿರುಗಿ ನೋಡಿದರೆ ಹಿಂದೆ ಯಾರೂ ಇಲ್ಲ. ಆಕೆ ಸೈಕಲ್ ತಳ್ಳಿಕೊಂಡು ಬರುವಷ್ಟರಲ್ಲಿ ಎರಡೂ ಕಾಫಿ ಆರಿಹೋಗಿತ್ತು.

"ಇನ್ಮೇಲೆ ನಾನು ನಿಮ್ಮ ಹಿಂದೆ ಬರಲ್ಲ" ಅಂದವರೇ ವೆಂಕಟಲಕ್ಷ್ಮಿ ಮುಖ ತೊಳೆಯಲು ನೀರು ಕೇಳಿದರು. ಆಕೆ ಒಂದು ಮಾತನ್ನು ಎರಡು ಸಲ ಹೇಳುವ ಪೈಕಿ ಅಲ್ಲ. ಅಂದಿನಿಂದ ಮನೆಯಲ್ಲಿ ಮಾತು ಊಟಕ್ಕೆ ಬನ್ನಿ, ಗ್ಯಾಸ್ ಬಂತು, ಇಷ್ಟಕ್ಕೆ ನಿಂತಿತು.

ಆ ಬದನೆಕಾಯಿ ಹುಳಿ ತಿಂದಾದ ಮೇಲೆ ರಾಯರಿಗೆ ದಿಗಿಲಾಯಿತು. ಮಾರ್ಕೆಟ್ಟಿನಲ್ಲಿ ಒಬ್ಬರೇ ನಿಂತಾಗ ಆದ ಬೇಜಾರು ತರಕಾರಿಯದಲ್ಲ ಎಂದು ಅವರಿಗೇ ಗೊತ್ತಿತ್ತು. ಅವಳಿಲ್ಲದಿದ್ದರೆ ಭಾನುವಾರವೂ ಸೋಮವಾರದಂತೆಯೇ. ಕೆಸರಿನಿಂದ ಮುನಿಸು ಬಂತು, ಕೆಸರು ನಿಲ್ಲಿಸಿದರೆ ಮುನಿಸು ಹೋಗಬೇಕು. ಬೋಗಿ ರಿಪೇರಿಯವರ ತರ್ಕ ಇದು.

ಸೈಕಲ್ ಅಂಗಡಿಗಳಲ್ಲಿ ಈ ಗಾತ್ರಕ್ಕೆ "ಇಲ್ಲೈ ಸಾರ್" ಎಂಬ ಉತ್ತರವೇ ಸಿಕ್ಕಿತು. ಕೊನೆಗೆ ಒಂದು ಹಳೆಯ ಅಂಗಡಿಯ ಅಟ್ಟದಲ್ಲಿ ಧೂಳು ತಿನ್ನುತ್ತಿದ್ದ ಒಂದೇ ಸೈಕಲ್ಲಿಗಾಗುವ ಒಂದು ಜೊತೆ ತಗಡಿನ ಮಡ್‌ಗಾರ್ಡ್ ಸಿಕ್ಕಿತು. ಶನಿವಾರ ಊಟ ಮುಗಿಸಿ ರಾಯರು ಬಾಲ್ಕನಿಯಲ್ಲಿ ಸೈಕಲ್ ತಲೆಕೆಳಗಾಗಿ ನಿಲ್ಲಿಸಿಕೊಂಡು ಕೂತರು. ನೋಡಿದರೆ ಮಡ್‌ಗಾರ್ಡಿನ ಕಂಬಿ ಬಿಗಿಯಲು ಸೈಕಲ್ಲಿನಲ್ಲಿ ತೂತೇ ಇಲ್ಲ. ಇರಲಿ ಎಂದು ಗ್ಯಾಸ್ ಟ್ಯೂಬಿಗೆ ಹಾಕುವ ಉಕ್ಕಿನ ಕ್ಲಿಪ್ಪುಗಳನ್ನು ತಂದು ಚೌಕಟ್ಟಿನ ಕೊಳವೆಗೆ ಸುತ್ತಿದರು. ಬಣ್ಣ ಕೀಳದಿರಲೆಂದು ಅಡಿಗೆ ಹಳೆಯ ಹವಾಯಿ ಚಪ್ಪಲಿಯ ತುಂಡು ಇಟ್ಟರು. ಕಂಬಿ ಗಿಡ್ಡವಾದ ಕಡೆ ಪರದೆ ಕಂಬಿಯ ಚೂರು ಸೇರಿಸಿ ತಂತಿ ಬಿಗಿದರು.

ಕೂರಿಸುವುದೇನೋ ಆಯಿತು, ಸಮನಾಗಿ ಕೂರಿಸುವುದು ಬೇರೆ ಮಾತು. ಟೈರಿಗೂ ಮಡ್‌ಗಾರ್ಡಿಗೂ ನಡುವಿನ ಸಂದು ಸುತ್ತಲೂ ಒಂದೇ ಸಮ ಇರಬೇಕು; ಇಲ್ಲದಿದ್ದರೆ ಒಂದು ಕಡೆ ಉಜ್ಜುತ್ತದೆ, ಇನ್ನೊಂದು ಕಡೆ ಕೆಸರು ನುಸುಳುತ್ತದೆ. ರಾಯರು ಮೇಲೆ ಬಿಗಿದರೆ ಕೆಳಗೆ ಬಾಯಿ ಬಿಡುತ್ತಿತ್ತು, ಎಡಕ್ಕೆ ಎಳೆದರೆ ಬಲಕ್ಕೆ ಚರ್ ಅನ್ನುತ್ತಿತ್ತು. ಎಲ್ಲರದೊಂದು ದಾರಿಯಾದರೆ ಎಡವಟ್ಟನದೇ ಒಂದು ದಾರಿ. ನಡುವೆ ಒಂದೇ ದಪ್ಪದ ಏನನ್ನಾದರೂ ಇಟ್ಟು ಬಿಗಿದು ಆಮೇಲೆ ಎಳೆದುಕೊಳ್ಳಬೇಕು. ಬೆಂಕಿಪೊಟ್ಟಣ ಇಟ್ಟರು, ಅಪ್ಪಚ್ಚಿಯಾಯಿತು. ಆಲೂಗಡ್ಡೆ ಹೆಚ್ಚಿ ಇಟ್ಟರು. ಅವರು ಹೆಚ್ಚಿದ ಬಿಲ್ಲೆಗಳಲ್ಲಿ ಒಂದು ಇನ್ನೊಂದರ ಹಾಗಿಲ್ಲ. ಆಗ ಕಣ್ಣು ಅಡುಗೆಮನೆಯ ಕೋಡುಬಳೆ ಡಬ್ಬಿಯ ಮೇಲೆ ಬಿತ್ತು.

ಮುಚ್ಚಳದ ಸದ್ದಿಗೆ ಒಳಕೋಣೆಯಿಂದ ವೆಂಕಟಲಕ್ಷ್ಮಿ ಎದ್ದು ಬಂದರು. ಹದಿಮೂರು ದಿನದಲ್ಲಿ ಆಕೆ ಮೊದಲ ಸಲ ಕೆಲಸಕ್ಕೆ ಬಾರದ ಮಾತೊಂದು ಆಡಿದರು. "ಈಗ ತಾನೇ ಊಟ ಆಯ್ತಲ್ಲ?"

"ತಿನ್ನೋಕಲ್ವೇ, ಅಳತೆಗೆ" ಅಂದರು ರಾಯರು ಅಪರಾಧಿಯ ಹಾಗೆ. "ಈ ಮನೇಲಿ ಎಲ್ಲಾ ಒಂದೇ ದಪ್ಪ ಇರೋ ಸಾಮಾನು ಇದೊಂದೇ. ನಮ್ಮ ವರ್ಕ್‌ಶಾಪಲ್ಲೂ ಇಷ್ಟು ಸಮ ಬರ್ತಿರ್ಲಿಲ್ಲ."

ಮಸ್ಕಾ ಹೊಡೆದದ್ದಲ್ಲ, ನಿಜವನ್ನೇ ಹೇಳಿದ್ದರು. ಆಕೆಗೂ ಅದು ತಿಳಿಯಿತು. ಡಬ್ಬಿ ಕಸಿದುಕೊಂಡು ಬಾಲ್ಕನಿಗೆ ಬಂದು ಕೂತು, ತುದಿ ಕೂಡಿಸಿದ ಜಾಗದಲ್ಲಿ ಉಬ್ಬಿದ ಕೋಡುಬಳೆಗಳನ್ನು ಬದಿಗಿಟ್ಟು ಉಳಿದವನ್ನು ಕೊಡತೊಡಗಿದರು. ರಾಯರು ಅವನ್ನು ಟೈರಿನ ಮೇಲೆ ಅಲ್ಲಲ್ಲಿ ಇಟ್ಟು ರಬ್ಬರ್ ಬ್ಯಾಂಡ್ ಹಾಕಿದರು. ವೆಂಕಟಲಕ್ಷ್ಮಿ ಮಡ್‌ಗಾರ್ಡನ್ನು ಮೆತ್ತಗೆ ಒತ್ತಿ ಹಿಡಿದರು, ರಾಯರು ಸ್ಪ್ಯಾನರ್ ತಿರುಗಿಸಿದರು. ಒಂದು ಕೋಡುಬಳೆ ಪಟ್ಟೆಂದು ಮುರಿಯಿತು. ಇಬ್ಬರೂ ನಕ್ಕರು, ಬೇರೆಯದು ಬಂತು. ಎಲ್ಲ ಬಿಗಿದು, ಎಲ್ಲ ಎಳೆದುಕೊಂಡು ಚಕ್ರ ತಿರುಗಿಸಿದರೆ ಚಕಾರವಿಲ್ಲ. ಸುತ್ತಲೂ ಕಿರುಬೆರಳಷ್ಟು ಸಂದು, ಎಲ್ಲೂ ಹೆಚ್ಚಿಲ್ಲ, ಕಡಿಮೆಯಿಲ್ಲ. ರಾಯರಿಗೆ ಪ್ರಮೋಷನ್ ಸಿಕ್ಕ ದಿನವೂ ಇಷ್ಟು ಖುಷಿಯಾಗಿರಲಿಲ್ಲ.

"ಇನ್ನು ಒಂದು ತೊಟ್ಟೂ ನಿನ್ನ ಮೇಲೆ ಬೀಳಲ್ಲ" ಅಂದರು. ಆಮೇಲೆ ಸ್ಪ್ಯಾನರ್ ಒರೆಸುತ್ತ ಕೇಳಿದರು, "ನಾಳೆ ಬರ್ತೀಯಲ್ಲ?"

ವೆಂಕಟಲಕ್ಷ್ಮಿ ತಾವೇ ಒಮ್ಮೆ ಚಕ್ರ ತಿರುಗಿಸಿ, ಬಗ್ಗಿ ಸಂದು ನೋಡಿದರು. "ಚೆನ್ನಾಗಿ ಕೂತಿದೆ. ಬರ್ತೀನಿ. ಇದನ್ನ ಬಿಚ್ಚಿ ನನ್ನ ಸೈಕಲ್ಲಿಗೆ ಹಾಕಿ."

ನಿನ್ನ ಸೈಕಲ್ಲಿಗೆ ಯಾತಕ್ಕೆ, ನಿನ್ನ ಹಿಂದೆ ಯಾರಿದ್ದಾರೆ ಕೆಸರು ಹಾರುವುದಕ್ಕೆ ಎಂದು ರಾಯರು ವಾದಕ್ಕೆ ನಿಂತರು.

"ನೀವಿರ್ತೀರಲ್ಲ" ಅಂದರು ವೆಂಕಟಲಕ್ಷ್ಮಿ. "ಕೆಸರೇನ್ರೀ, ತೊಳೆದ್ರೆ ಹೋಯ್ತು. ಅವತ್ತು ನಾನು ಅಷ್ಟು ಕೂಗಿದೆ. ಬಿದ್ದು ಕಾಲು ಮುರ್ಕೊಂಡಿದ್ರೂ ನೀವು ಕಾಫಿ ಹೇಳ್ಕೊಂಡು ಕೂತಿರ್ತಿದ್ರಿ." ಆಮೇಲೆ ಎದ್ದು ಸೆರಗಿನ ಚೂರುಪಾರು ಕೊಡವಿಕೊಂಡು, "ಸೀಕ್ರಂ, ಬೇಗ ಆಗ್ಲಿ, ಕತ್ತಲಾಗತ್ತೆ" ಅಂದು ಒಳಗೆ ಹೋದರು.

ರಾಯರು ಮತ್ತೆ ಸ್ಪ್ಯಾನರ್ ಎತ್ತಿಕೊಂಡರು. ಬಿಗಿದದ್ದನ್ನೆಲ್ಲ ಬಿಚ್ಚಿ, ಇನ್ನೊಂದು ಸೈಕಲ್ಲನ್ನು ತಲೆಕೆಳಗಾಗಿ ನಿಲ್ಲಿಸಿದರು.

ಬೆಳಗ್ಗೆ ರಸ್ತೆಯಲ್ಲಿ ನೀರು ನಿಂತಿತ್ತು. ಮುಂದೆ ವೆಂಕಟಲಕ್ಷ್ಮಿ, ಹಿಂದೆ ರಾಯರು. ಅವರ ಮೇಲೆ ಒಂದು ಹನಿಯೂ ಹಾರಲಿಲ್ಲ. ಮೊದಲ ತಿರುವಿನಲ್ಲಿ ಆಕೆ ಕತ್ತು ಹೊರಳಿಸಿ ನೋಡಿದಾಗ ರಾಯರು ಎಲ್ಲೋ ಕ್ಲಿಪ್ಪು ಸಡಿಲವಾಯಿತೆಂದು ಹೆದರಿ, ಏನಾಯಿತೆಂದು ಕೇಳಿದರು. ಏನಿಲ್ಲವೆಂದು ತಲೆಯಾಡಿಸಿ ಆಕೆ ಮುಂದೆ ಹೋದರು. ಬಸ್‌ಸ್ಟಾಪಿನ ಹತ್ತಿರ ಮತ್ತೆ ತಿರುಗಿದರು. ಮೆಟ್ರೋ ಕಂಬಗಳು ಶುರುವಾಗುವ ಕಡೆ ಇನ್ನೊಮ್ಮೆ. ಕ್ಲಿಪ್ಪೂ ಇಲ್ಲ ಗಿಪ್ಪೂ ಇಲ್ಲ, ಹಿಂದೆ ತಾವು ಇದ್ದೇವೋ ಇಲ್ಲವೋ ಎಂದು ನೋಡುತ್ತಿದ್ದಾಳೆ, ಅಷ್ಟೇ ಎಂದು ರಾಯರಿಗೆ ಆಗ ಹೊಳೆಯಿತು. ಇಷ್ಟು ವರ್ಷ ಮುಂದೆ ಹೋದವರು ತಾವು. ಹಾಗೆ ಒಂದು ಸಲ ತಿರುಗಿದ ನೆನಪು ಎಷ್ಟು ಕೆದಕಿದರೂ ಸಿಗಲಿಲ್ಲ. ನಾಚಿಕೆಯಾಯಿತು. ಅದರ ಜೊತೆಗೇ, ಯಾರೋ ತಮ್ಮನ್ನು ನೋಡಿಕೊಳ್ಳುತ್ತಿದ್ದಾರೆ ಎಂಬ ಸುಖವೂ ಆಯಿತು.

ಆ ಯೋಚನೆಯಲ್ಲಿ ಅವರು ಹಿಂದೆ ಬಿದ್ದರು. ದೊಡ್ಡ ಸಿಗ್ನಲ್ಲಿನಲ್ಲಿ ಹಸಿರು ದೀಪ ಬಂತು. ಆಟೋದವರು ಹಾರನ್ ಹೊಡೆದರು, ಒಬ್ಬ ತಮಿಳಿನಲ್ಲಿ ಏನೋ ಅಂದ. ವೆಂಕಟಲಕ್ಷ್ಮಿ ಸೈಕಲ್ಲನ್ನು ಓರೆಗೆ ಸರಿಸಿ, ಒಂದು ಕಾಲು ನೆಲಕ್ಕೂರಿ, ರಾಯರು ಬಂದು ಸೇರುವವರೆಗೂ ಅಲ್ಲೇ ನಿಂತಿದ್ದರು.