ಕೆಂಪು ಚುಕ್ಕೆ ಮರೆತ ಮಧ್ಯಾಹ್ನ

ಮಧ್ಯಾಹ್ನದ ಬಿಸಿಲು ಉದ್ಯಾನದ ಹುಲ್ಲಿನ ಮೇಲೆ ಉಕ್ಕಿದ ಹಾಲಿನಂತೆ ಹರಡಿಕೊಂಡಿತ್ತು. ಎಲೆಎಲೆಯೂ ತನ್ನೊಳಗಿನ ಹಸಿರನ್ನು ಇನ್ನು ತಾಳಲಾರೆನೆಂಬಂತೆ ಮಿನುಗುತ್ತಿತ್ತು. ಗಾಳಿಯೋ, ಬಂದ ಕೆಲಸವನ್ನೇ ಮರೆತ ನೆಂಟನ ಹಾಗೆ, ಕೊಂಬೆಯಿಂದ ಕೊಂಬೆಗೆ ಸುಮ್ಮನೆ ಸುಳಿದಾಡುತ್ತಿತ್ತು... ಸಹೃದಯರೇ, ಇಷ್ಟೊಂದು ಬೆಳಕೂ ಸಾಲದೆಂದು, ಕಣ್ಣಿಗೆ ಕಾಣದ ಇನ್ನೊಂದು ಬೆಳಕನ್ನು ಹಿಡಿಯಲು ಹೊರಟ ಪುಣ್ಯಾತ್ಮನೊಬ್ಬ ಅಲ್ಲಿ ಕ್ಯಾಮೆರಾ ಹೂಡುತ್ತಿದ್ದ. ಅವನ ಮನಸ್ಸು ಆ ಗಾಳಿಗಿಂತಲೂ ಚಂಚಲವಾಗಿತ್ತು.

ಅವನ ಕೈಯಲ್ಲಿದ್ದದ್ದು ಅವಕೆಂಪು, ಅಂದರೆ ಇನ್‌ಫ್ರಾರೆಡ್, ಕಿರಣಗಳನ್ನು ಹಿಡಿಯುವ ಕಪ್ಪು-ಬಿಳುಪು ಫಿಲ್ಮ್. ಅದರ ಕಣ್ಣಿಗೆ ನೀಲಾಕಾಶ ಕಾರಿರುಳು, ಹಸಿರೆಲೆ ಬೆಳ್ಳಿ! ಕತ್ತಲಲ್ಲೇ ತುಂಬಬೇಕಾದ ಮೊದಲ ಸುರುಳಿಯನ್ನು ಅವನು ಹಗಲಲ್ಲೇ ಬಿಚ್ಚಿ ತುಂಬಿಸಿ ಹಾಳುಮಾಡಿದ್ದ. ಇದು ಉಳಿದ ಒಂದೇ ಒಂದು. ಆದರೆ ಅವನ ಚಡಪಡಿಕೆಗೆ ಕಾರಣ ಫಿಲ್ಮ್ ಅಲ್ಲ. ಅವನ ಸ್ಟುಡಿಯೋದಲ್ಲಿ ವರ್ಷಗಳಿಂದ ಚಿತ್ರಗಳ ಕಲೆಗಳನ್ನು ಕುಂಚದಿಂದ ತಿದ್ದುತ್ತಿದ್ದವಳಿಗೆ ದೂರದ ಊರಿನ ಸಂಬಂಧವೊಂದು ಬಂದಿತ್ತು. ಸಂಜೆಯೊಳಗೆ ಅವಳು ಅಕ್ಕನಿಗೆ ಉತ್ತರ ಹೇಳಬೇಕಿತ್ತು. ‘ಹೋಗಬೇಡಿ’ ಎಂಬ ಮಾತು ಅವನ ನಾಲಿಗೆಯ ತುದಿಯವರೆಗೆ ಬಂದು, ಬಂದ ದಾರಿಯಲ್ಲೇ ಹಿಂದಿರುಗುತ್ತಿತ್ತು.

“ಕಾಣದೇ ಇರೋ ಬೆಳಕನ್ನ ಹಿಡೀತೀರಿ. ಕಾಣೋದರ ಗತಿ ಏನು ಸರ್?” ಎಂದಳು ಅವಳೇ, ಅವನ ಹಿಂದೆ ಚೀಲ ಹಿಡಿದು ನಿಂತು.

“ಸ್ವಲ್ಪ ಇರಿ. ಗಾಳಿ ನಿಲ್ಲಲಿ” ಎಂದ ಅವನು.

ಈ ಕಸುಬಿನಲ್ಲೊಂದು ಕಟ್ಟುಪಾಡುಂಟು. ಕಾಣುವ ಬೆಳಕು ಲೆನ್ಸಿನ ಹಿಂದೆ ಕೂಡುವ ಜಾಗದಲ್ಲಿ ಅವಕೆಂಪು ಬೆಳಕು ಕೂಡುವುದಿಲ್ಲ. ಆದ್ದರಿಂದ ಕಣ್ಣಳತೆಯಲ್ಲಿ ಫೋಕಸ್ ಹಿಡಿದ ಮೇಲೆ, ಲೆನ್ಸಿನ ಬಳೆಯನ್ನು ಅದರ ಮೇಲಿನ ಕೆಂಪು ಚುಕ್ಕೆಯವರೆಗೆ ತುಸು ತಿರುಗಿಸಬೇಕು. ತಿರುಗಿಸದಿದ್ದರೆ ಎದುರಿನದು ಮಸುಕಾಗಿ, ಅದರ ಹಿಂದಿನದು ಸ್ಪಷ್ಟವಾಗುತ್ತದೆ. ಅವನು ಮರಕ್ಕೆ ಫೋಕಸ್ ಹಿಡಿದ. ಅವಕೆಂಪನ್ನಷ್ಟೇ ಒಳಬಿಡುವ ಕಪ್ಪು ಗಾಜಿನ ಫಿಲ್ಟರ್ ಹಾಕಿದ. ಕ್ಯಾಮೆರಾದ ಕಿಂಡಿ ಕತ್ತಲಾಯಿತು. ಶಟರ್ ತೆರೆದು, ಕೈಗಡಿಯಾರದ ಮೇಲೆ ಕಣ್ಣು ನೆಟ್ಟು ಸೆಕೆಂಡುಗಳನ್ನು ಎಣಿಸುತ್ತ ನಿಂತ... ಕೆಂಪು ಚುಕ್ಕೆಯನ್ನು ಮಾತ್ರ ಮರೆತಿದ್ದ. ಅವನು ತಲೆಯೆತ್ತಿದಾಗ ಅವಳು ಮರದ ಕಡೆಯಿಂದ ನಡೆದು ಬರುತ್ತಿದ್ದಳು. ಎಲ್ಲಿಗೆ ಹೋಗಿದ್ದಳೆಂದು ಕೇಳಬೇಕೆಂಬುದೂ ಅವನಿಗೆ ಹೊಳೆಯಲಿಲ್ಲ.

ಸಂಜೆ ಸಮೀಪಿಸಿತ್ತು. ಫಿಲ್ಮ್ ತೊಳೆದು ಒಣಗಿಸಿದ ಮೇಲೆ, ಸ್ಟುಡಿಯೋದ ಡಾರ್ಕ್‌ರೂಮಿನ ಕೆಂಪು ದೀಪದಡಿ, ತಟ್ಟೆಯ ದ್ರಾವಣದಲ್ಲಿ ಬಿಳಿಯ ಕಾಗದ ಮೆಲ್ಲಗೆ ಚಿತ್ರವಾಗತೊಡಗಿತು. ಮೊದಲು ಕಾಡಿಗೆಯಂಥ ಆಕಾಶ. ಆಮೇಲೆ ಗಾಳಿಗೆ ಅಲುಗಿ, ಫೋಕಸ್ಸೂ ತಪ್ಪಿ, ಬರಿಯ ಬೆಳ್ಳನೆಯ ಹೊಗೆಯಾದ ಮರ. ಅವನು ತಟ್ಟೆಯ ಮೇಲೆ ಬಾಗಿದ. ‘ಅಯ್ಯೋ, ಕೆಂಪು ಚುಕ್ಕೆ...’ ಎಂದುಕೊಳ್ಳುವಷ್ಟರಲ್ಲಿ, ಆ ಹೊಗೆಯ ಕೆಳಗೆ, ಕೊಂಬೆಗಳ ಆಚೆ, ಒಂದು ಆಕೃತಿ ಮೂಡಿತು. ಅವಳು! ಹಾಲುಬಣ್ಣದ ಮುಖ, ಗಾಢವಾದ ಕಣ್ಣು, ಒಂದಿಷ್ಟೂ ಅಲುಗದ ನಿಲುವು. ಲೋಕವೆಲ್ಲ ಕದಲಿದ ಅಷ್ಟು ಹೊತ್ತೂ ಅವಳು ಕದಲದೆ ನಿಂತು, ನೇರವಾಗಿ ಅವನನ್ನೇ ನೋಡಿದ್ದಳು.

“ನೀವು... ಅಲ್ಲಿ ಯಾಕೆ ನಿಂತಿದ್ರಿ?” ಎಂದು ಪಕ್ಕದಲ್ಲಿದ್ದ ಅವಳನ್ನು ಕೇಳಿದ.

“ನೀವು ಯಾವತ್ತೂ ನೋಡದೇ ಇರೋ ಕಡೆ ನಿಂತರೆ, ನಾನೂ ಧೈರ್ಯವಾಗಿ ನೋಡಬಹುದು ಅಂತ” ಎಂದಳು ಅವಳು. ಹಾಗೆನ್ನುತ್ತಲೇ ಕುಂಚ ಕೈಗೆತ್ತಿಕೊಂಡಳು. “ಕೊಡಿ. ಇದರಲ್ಲಿ ತಿದ್ದೋದು ಬಹಳ ಇದೆ. ಕತ್ತಲಾಗೋಕೆ ಮುಂಚೆ ಅಕ್ಕನ ಮನೆಗೂ ಹೋಗಬೇಕು.”

ಅವನು ತಟ್ಟೆಗೆ ಕೈ ಅಡ್ಡ ಹಿಡಿದ. “ತಿದ್ದಬೇಡಿ. ನಂಗೆ ಇದೇ ಬೇಕು... ನೀವು ಬೇಕು. ಅಕ್ಕನಿಗೆ ಬೇಡ ಅಂತ ಹೇಳಿಬಿಡಿ.”

ಅವಳು ಚಿತ್ರದ ಮಸುಕು ಮರವನ್ನು ಬೆರಳಿನಿಂದ ತೋರಿಸಿದಳು.

“ಚುಕ್ಕೆ ನೆನಪಿದ್ದಿದ್ರೆ ಇದನ್ನ ಹೇಳ್ತಿದ್ರಾ?”

“ಇಲ್ಲ ಅನ್ಸುತ್ತೆ” ಎಂದ, ಪ್ರಾಮಾಣಿಕವಾಗಿ.

ಅವಳು ನಕ್ಕಳು. ಬಣ್ಣವನ್ನೇ ಮುಟ್ಟದ ಕುಂಚವನ್ನು ಲೋಟದಲ್ಲಿಟ್ಟು, “ಬನ್ನಿ, ಅಕ್ಕನ ಮುಂದೆ ನೀವೇ ಹೇಳಿ. ನಾನು ಪಕ್ಕದಲ್ಲಿ ನಿಂತಿರ್ತೀನಿ” ಎಂದಳು.

ಕಾಣದ ಬೆಳಕಿಗಾಗಿ ಮನುಷ್ಯ ಏನೆಲ್ಲ ಸಲಕರಣೆ ಹೂಡುತ್ತಾನೆ, ಎಷ್ಟೆಲ್ಲ ಲೆಕ್ಕ ಹಾಕುತ್ತಾನೆ... ಒಲವು ಮಾತ್ರ ಆ ಲೆಕ್ಕ ತಪ್ಪಿದ ಕಡೆ, ನಾವು ನೋಡಲು ಮರೆತ ಜಾಗದಲ್ಲಿ, ಉಸಿರು ಬಿಗಿಹಿಡಿದು ನಿಂತಿರುತ್ತದೆ. ಅದು ಕಾಯುತ್ತದೆ, ನಿಜ. ಆದರೆ ಸಂಜೆಯವರೆಗೆ ಮಾತ್ರ.