ಇವತ್ತ ನಾಳಿ ಬರ್ತಾಳೇನು?

೧
'ವಿದೇಶಿ ಸ್ನಾತಕೋತ್ತರ ವಿದ್ಯಾರ್ಥಿಗಳ ತೃಪ್ತಿಗೆ ಕಾರಣವಾಗುವ ಅಂಶಗಳು.' ಕಥೆಯೊಂದು ಹೀಗೆ ಶುರುವಾದರೆ ನೀವು ಓದುತ್ತೀರಾ? ಇಲ್ಲ. (ಇದು ನನ್ನ ಎಂ.ಎ. ಪ್ರಬಂಧದ ಶೀರ್ಷಿಕೆ. ಅದನ್ನೂ ಯಾರೂ ಓದಲಿಲ್ಲ.) ಹೊಡೆದುಹಾಕಿದೆ.

೨
ಆ ಪ್ರಬಂಧಕ್ಕೆಂದು ಪ್ರಶ್ನೆ ಕೇಳಲು ಹೋದಾಗ ಪರಿಚಯವಾದವಳು ಇಥಿಯೋಪಿಯಾದ ಹಿವೋತ್, ಜವಳಿ ವಿಭಾಗದ ಎಂ.ಎಸ್ಸಿ. ವಿದ್ಯಾರ್ಥಿನಿ. ಕೈಮಗ್ಗ ನೋಡಬೇಕೆಂದಳು, ಬನಹಟ್ಟಿಗೆ, ನಮ್ಮ ಚಿಗವ್ವ ಅನಸವ್ವನ ಮನೆಗೆ ಕರೆತಂದೆ. ಬರುವಾಗ ಬಸ್ಸಿನಲ್ಲೇ ಹೇಳಿಬಿಟ್ಟಳು: ಓದು ಬಿಡುತ್ತಿದ್ದೇನೆ, ಸೋಮವಾರ ವಿಭಾಗಕ್ಕೆ ತಿಳಿಸಬೇಕು.

"ಹಾಸ್ಟೆಲ್ ಸರಿಯಿಲ್ಲವಾ? ಗೈಡ್?"

"ಎಲ್ಲ ಚೆನ್ನಾಗಿದೆ. ಜ್ವರ ಬಂದು ಒಂದು ವಾರ ರೂಮಿನಲ್ಲೇ ಇದ್ದೆ. ಎದ್ದು ಕ್ಲಾಸಿಗೆ ಹೋದರೆ, ನಾನು ಬಂದಿರಲಿಲ್ಲ ಅನ್ನುವುದೇ ಯಾರಿಗೂ ಗೊತ್ತಿರಲಿಲ್ಲ."

(ಹೇಳಿದ್ದು ಇಂಗ್ಲಿಷಿನಲ್ಲಿ. ಯಾವ ಭಾಷೆಯಲ್ಲಾದರೂ ಇದಕ್ಕೆ ನನ್ನ ಪ್ರಶ್ನಾವಳಿಯಲ್ಲಿ ಒಂದರಿಂದ ಐದರೊಳಗೆ ಅಂಕ ಕೊಡುವುದು ಹೇಗೆ?)

೩
"ಹೆಸರೇನ್ಬೇ ನಿಂದು?"

"ಹಿವೋತ್."

ಚಿಗವ್ವನ ಕೈಯ ಲಾಳಿ ನಿಂತಿತು. "ಇವತ್ತ? ಯವ್ವಾ, ಹಿಂಗೂ ಹೆಸರಿಡ್ತಾರ? ಹಂಗಾರ ನಿನ್ನಿ ನಿಮ್ಮ ಅಕ್ಕೇನು?"

"ಚಿಗವ್ವಾ, ಅವರ ಭಾಷಾದಾಗ ಜೀವ ಅಂತ ಅರ್ಥ ಅದು."

"ಜೀವಾ, ಬಾ ಅಂತ ಕರದ್ರ ಓಣ್ಯಾಗ ಮಂದಿ ಏನಂದಾರೋ? ಇವತ್ತನ ಛಲೋ."

೩ (ಮತ್ತೆ, ಏಕೆಂದರೆ ಕಥೆ ಇಲ್ಲಿಂದ ಮುಂದೆ ನನ್ನ ಮಾತು ಕೇಳುತ್ತಿಲ್ಲ)
ಮರುದಿನ, ಶನಿವಾರ, ನಮ್ಮ ಮನೆಯಲ್ಲಿ ಉಳಿದಿದ್ದ ಹಿವೋತ್ ಚಿಗವ್ವನಿಗೆ ಹೇಳದೆ ಬೇಟೆನಾಯಿಗಳನ್ನು ನೋಡಲು ತಿಮ್ಮಾಪುರದ ತಳಿ ಕೇಂದ್ರಕ್ಕೆ ಹೋದಳು. ಭಾನುವಾರ ಮಗ್ಗದ ಮನೆಗೆ ಕಾಲಿಡುತ್ತಲೇ ಚಿಗವ್ವ ಹರಿಹಾಯ್ದಳು.

"ನಿನ್ನಿ ಎಲ್ಲಿ ಸತ್ತಿದ್ದೀ ಬೇ? ರೊಟ್ಟಿ ಬಡದಿಟ್ಟು ಹಾದಿ ನೋಡೇ ನೋಡೀನಿ. ಇವತ್ತ ಯಾಕ ಬಂದಿಲ್ಲ ಅಂತ ಹೋಗೋ ಬರೋ ಮಂದಿಗೆಲ್ಲ ಕೇಳೀನಿ. ಇವತ್ತ ಏನ್ ಬರಬೇಕಿತ್ತಬೇ ಅಂತ ನನ್ನನ್ನ ಹುಚ್ಚಿ ಮಾಡ್ಯಾರ!"

ನಾನು ನಗುತ್ತಲೇ ಅನುವಾದಿಸಿದೆ. ಹಿವೋತ್ ನಗಲಿಲ್ಲ. "ಇನ್ನೊಮ್ಮೆ ಹೇಳು" ಎಂದಳು. ಹೇಳಿದೆ.

ಆಗ ಕರೆಂಟು ಹೋಯಿತು. ಓಣಿಯ ಪವರ್‌ಲೂಮುಗಳೆಲ್ಲ ಒಮ್ಮೆಲೇ ನಿಂತವು. ಹಿವೋತ್ ಮಗ್ಗದ ಕುಣಿಗೆ, ನೇಕಾರರು ಕಾಲು ಇಳಿಬಿಟ್ಟು ಕೂರುವ ಗುಂಡಿಗೆ, ಇಳಿದು ಲಾಳಿ ಎಸೆದಳು. ಇಡೀ ಓಣಿಯಲ್ಲಿ ಅದೊಂದೇ ಸದ್ದು. ನಾನು ಹುಟ್ಟಿದ ಓಣಿ ಇಷ್ಟು ದೊಡ್ಡದೆಂದು ನನಗೆ ಗೊತ್ತಿರಲಿಲ್ಲ. (ಇಲ್ಲೊಂದು ಉಪಮೆ ಬೇಕಿತ್ತು. ಕೈ ಏಳಲಿಲ್ಲ.)

೫
ಮುಕ್ತಾಯ ಒಂದು: ಅವಳು ಉಳಿದು ಚಿನ್ನದ ಪದಕ ಪಡೆಯುತ್ತಾಳೆ.

"ಒಂದು ರೊಟ್ಟಿಗೆ ಇಡೀ ಡಿಗ್ರಿಯೇ? ಹೊಡೆದುಹಾಕು" ಎಂದಳು ಹಿವೋತ್.

ಮುಕ್ತಾಯ ಎರಡು: ಬೆಳಗಿನ ಬಸ್ಸು, ಕಿಟಕಿ, ಕಣ್ಣೀರು.

"ನಾನು ಅಳುವವಳಲ್ಲ."

"ಹಾಗಾದರೆ ನೀನೇ ಹೇಳು. ನಾಳೆ ಓದು ಬಿಡುತ್ತೇನೆ ಅನ್ನಲು ಬಸ್ಸು ಹತ್ತುತ್ತೀಯೋ, ಇಲ್ಲೇ ಮಗ್ಗಕ್ಕೆ ಬರುತ್ತೀಯೋ?"

"ನಿನ್ನ ಪ್ರಶ್ನೆಗಳಲ್ಲಿ 'ಉತ್ತರಿಸಲು ಇಷ್ಟವಿಲ್ಲ' ಅಂತ ಒಂದು ಆಯ್ಕೆ ಇತ್ತಲ್ಲ, ಅದಕ್ಕೆ ಟಿಕ್ ಹಾಕು."

ಒಳಗಿನಿಂದ ಚಿಗವ್ವ ನನ್ನನ್ನು ಕೂಗಿದಳು: "ಲೇ ಕಲ್ಮ್ಯಾ, ರೊಟ್ಟಿ ಎಷ್ಟ ಬಡೀಲಿ? ಇವತ್ತ ನಾಳಿ ಬರ್ತಾಳೇನು?"

ನಾನು ಅನುವಾದಿಸಲಿಲ್ಲ. ಆದರೂ ಹಿವೋತ್ ತಲೆಯೆತ್ತಿದಳು. ಲಾಳಿ ಕೈಯಲ್ಲೇ ಇತ್ತು.

ಕರೆಂಟು ಇನ್ನೂ ಬಂದಿಲ್ಲ. ಅವಳು ಪಿಸುಗುಟ್ಟಿದರೂ ಓಣಿಗೆಲ್ಲ ಕೇಳಿಸುತ್ತದೆ.